ರೆಕಾರ್ಡಿನ 'ಗ್ರೂವ್'ಗೆ ಏನನ್ನೋಣ: ಗೀರೋ, ಗೆರೆಯೋ, ಜಾಡೋ?

ನಮ್ಮದು ತೀರ್ಥಹಳ್ಳಿ ಹತ್ತಿರ. ಮಳೆಗಾಲ ಹಿಡಿದರೆ ಬೀರುವಿನ ಬಟ್ಟೆ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು. ಅಪ್ಪ ಕೂಡಿಟ್ಟ ಗ್ರಾಮಾಫೋನ್ ಪ್ಲೇಟುಗಳಿಗೂ. ಈ ಸಲ ಆರಿದ್ರಾ ಮಳೆ ನಡುವೆ ಒಂದಿನ ಹೊಳವಾಯಿತು ಅಂತ ಅವನ್ನೆಲ್ಲ ಜಗಲಿಗೆ ತಂದಿಟ್ಟು, ಅಕ್ಕನ ಮಗನಿಗೆ ಒಂದು ಚೀಟಿ ಬರೆದುಕೊಟ್ಟು ಪೇಟೆಗೆ ಹೋದೆ. "ಅಂಚು ಹಿಡಿದುಕೋ. ನಡುವಿನ ಕಾಗದ ನೆನೆಯಬಾರದು. ಮೆತ್ತನೆ ಬಟ್ಟೆಗೆ ಡಿಸ್ಟಿಲ್ಡ್ ವಾಟರ್ ಹಾಕಿ ಗೀರು ಹೋಗೋ ಹಾಗೆ ಒರೆಸು."

ವಾಪಸ್ ಬಂದು ನೋಡಿದರೆ ಹುಡುಗ ಒಂದು ಎಲ್‌ಪಿಯಲ್ಲಿ (ಲಾಂಗ್ ಪ್ಲೇ ಪ್ಲೇಟು) ಅಡ್ಡಕ್ಕೆ ಬಿದ್ದಿದ್ದ ಗೀರು ಹುಡುಕಿಕೊಂಡು ಅದನ್ನೇ ಗಸಗಸ ತಿಕ್ಕುತ್ತಾ ಕೂತಿದ್ದಾನೆ. "ಹೋಗ್ತಾನೇ ಇಲ್ಲ ಮಾವ" ಅಂತ ಬೇರೆ! ನಾನು ಹೇಳಿದ್ದು ಗ್ರೂವ್, ಅಂದರೆ ಪ್ಲೇಟಿನ ಮೇಲೆ ಗ್ರಾಮಾಫೋನಿನ ಮುಳ್ಳು (ಸೂಜಿ) ಓಡೋ ಸಣ್ಣ ಕೊರೆತ, ಯಾವ ಕಡೆ ಸುತ್ತುತ್ತೋ ಆ ಕಡೆಗೇ ಬಟ್ಟೆ ಹೋಗಲಿ ಅಂತ. ಅವನಿಗೆ ಅರ್ಥವಾಗಿದ್ದು ಗೀರು ಮಾಯವಾಗೋ ತನಕ ಒರೆಸು ಅಂತ. ತಪ್ಪು ಅವನದಲ್ಲ ಬಿಡಿ, ಚೀಟಿಯದು.

ಗೀರು ಅಂದರೆ ನಮಗೆಲ್ಲ ಗಾಯವೇ, ಮುಳ್ಳು ಗೀರಿತು ಅಂತೀವಲ್ಲ ಹಾಗೆ. ಗೆರೆ ಅನ್ನೋಣ ಅಂದರೆ ಅದಕ್ಕೆ ಆಳ ಇಲ್ಲ, ಸುಮ್ನೆ ಮೇಲೆ ಎಳೆದಿದ್ದು. ಆದರೆ ಧೂಳು, ಬೂಷ್ಟು ಕೂರೋದೇ ಆ ಆಳದಲ್ಲಿ. ಅಡ್ಡಡ್ಡ ಒರೆಸಿದರೆ ಅದು ಹೊರಗೆ ಬರಲ್ಲ, ಇನ್ನೂ ಒಳಗೆ ಮೆತ್ತಿಕೊಳ್ಳುತ್ತೆ. ಇನ್ನೊಂದು ವಿಷಯ, 'ಗೆರೆಗಳು' ಅಂತ ಬಹುವಚನ ಹಾಕೋದೂ ಸರಿ ಬರಲ್ಲ. ಒಂದು ಬದಿಗೆ ಇರೋದು ಒಂದೇ ಗ್ರೂವ್, ಹೊರಗಿನ ಅಂಚಿಂದ ಸುತ್ತಿ ಸುತ್ತಿ ನಡುವಿನ ತನಕ.

ಜಾಡು ನನಗೆ ಹಿಡಿಸಿತು. ಗಾಡಿ ಜಾಡು ಇದ್ದ ಹಾಗೆ, ಆಳವೂ ಇದೆ, ದಿಕ್ಕೂ ಇದೆ, ಮುಳ್ಳು ಅದರಲ್ಲೇ ಓಡಬೇಕು. "ಜಾಡು ಹಿಡಿದು ಒರೆಸು" ಅಂದಿದ್ದರೆ ಆ ಎಲ್‌ಪಿ ಉಳೀತಿತ್ತೇನೋ. ಪಕ್ಕದ ಮನೆ ಭಟ್ಟರು 'ಕಪ್ಪು' ಅನ್ನಿ ಅಂತಾರೆ, ಅಡಿಕೆ ತೋಟದಲ್ಲಿ ನೀರು ಬಸಿಯೋ ಕಾಲುವೆಗೆ ಹಾಗಂತೀವಲ್ಲ. ಪ್ಲೇಟೂ ಕಪ್ಪೇ, ಹಾಗಾಗಿ ಗೊಂದಲ ಇನ್ನೂ ಜಾಸ್ತಿ!

ಒಂದು ಪದ ಮಾತ್ರ ಸರಿಯಾಗಿ ಕೂತಿದೆ, ಅರಗು. 78 ಸ್ಪೀಡಿನ (ನಿಮಿಷಕ್ಕೆ 78 ಸುತ್ತು ತಿರುಗೋ) ಹಳೇ ಪ್ಲೇಟುಗಳಲ್ಲಿ ಹೆಚ್ಚಿನವು ಅರಗು ಸೇರಿಸಿ ಮಾಡಿದವು. 1948ರಲ್ಲಿ ಬಂದ ಎಲ್‌ಪಿ ವಿನೈಲ್, ಅಂದರೆ ಪ್ಲಾಸ್ಟಿಕ್. ಬಡಗಿಗಳು ಪಾಲಿಶ್‌ಗೆ ಅರಗನ್ನು ಸ್ಪಿರಿಟ್‌ನಲ್ಲೇ ಕರಗಿಸೋದು, ನೋಡಿರುತ್ತೀರಿ. 'ಅರಗಿನ ಪ್ಲೇಟು' ಅಂದುಬಿಟ್ಟರೆ ಅದಕ್ಕೆ ಸ್ಪಿರಿಟ್ ಮುಟ್ಟಿಸಬಾರದು ಅಂತ ಬೇರೆ ಹೇಳಬೇಕಾಗಿಲ್ಲ. (ಒಣಗಲಿ ಅಂತ ಯಾವುದನ್ನೂ ಬಿಸಿಲಿಗೋ ಬಚ್ಚಲ ಒಲೆ ಹತ್ತಿರವೋ ಇಡಬೇಡಿ, ಹಪ್ಪಳದ ಹಾಗೆ ಸೊಟ್ಟಗಾಗುತ್ತವೆ. ನೆರಳಲ್ಲಿ ನಿಲ್ಲಿಸಿಡಿ.)

ಈಗ ನನ್ನ ಪ್ರಶ್ನೆ. ರೇಡಿಯೋ ರಿಪೇರಿಯವರು, ಮದುವೆ ಮನೆಗೆ ಮೈಕ್‌ಸೆಟ್ ಹಾಕುತ್ತಿದ್ದವರು ಆಗ ಗ್ರೂವ್‌ಗೆ ಏನಂತಿದ್ದರು? 'ಪ್ಲೇಟ್ ಬದಲಾಯಿಸಿದ' ಅನ್ನೋ ಮಾತನ್ನೇ ಹುಟ್ಟಿಸಿದ ಜನ, ಇದಕ್ಕೂ ಏನಾದರೂ ಹೆಸರು ಇಟ್ಟಿರಬೇಕಲ್ವಾ? ಸಾಗರ, ಹೊಸನಗರ ಕಡೆಯವರು ಯಾರಾದರೂ ಕೇಳಿದ್ದರೆ ಹೇಳಿ. ಚೀಟಿ ಮತ್ತೆ ಬರೀಬೇಕು, ಇನ್ನೂ ನಲವತ್ತು ಪ್ಲೇಟು ಬಾಕಿ ಇವೆ.