ತಟ್ಟೆಯಲ್ಲಿ ಅಗರ್ ಕರಗುತ್ತೆ, ಬ್ರಾತ್‌ನಲ್ಲಿ ಅಗರೇಸ್ ಸಿಗ್ತಿಲ್ಲ

ಪ್ರಶ್ನೆ:
ಕಡಲಪಾಚಿಯಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಮರೈನ್ ಅಗರ್ (ಅಗರ್ ಹಾಕಿ ಹೆಪ್ಪುಗಟ್ಟಿಸಿದ ಕಡಲ ಬ್ಯಾಕ್ಟೀರಿಯಾದ ಆಹಾರ) ಮೇಲೆ ಗುಳಿ ಬೀಳಿಸುತ್ತೆ. ಅಗರ್‌ಗೆ ಬಣ್ಣ ಹಿಡಿಸುವ ಲುಗಾಲ್ ಅಯೋಡಿನ್ ಸುರಿದರೆ ಕಾಲೊನಿ ಸುತ್ತ ಬಣ್ಣ ಹಿಡಿಯದ ಉಂಗುರ ಕಾಣುತ್ತೆ. ಅದನ್ನೇ ಮರೈನ್ ಬ್ರಾತ್‌ನಲ್ಲಿ (ಅಗರ್ ಇಲ್ಲದ ದ್ರವ ಆಹಾರ) ಬೆಳೆಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಡಿಸ್ಟಿಲ್ಡ್ ನೀರಲ್ಲಿ ಡಯಾಲಿಸಿಸ್ (ಪೊರೆಯ ಚೀಲದಲ್ಲಿಟ್ಟು ಉಪ್ಪು, ಸಣ್ಣ ಅಣು ತೆಗೆಯೋದು) ಮಾಡಿದರೆ, ಒಡೆದ ಅಗರ್‌ನ ಸಕ್ಕರೆ ಅಳೆಯುವ ಡಿಎನ್‌ಎಸ್ ಪರೀಕ್ಷೆಯಲ್ಲಿ ಏನೂ ಇಲ್ಲ. ಜೆಲ್‌ನಿಂದ ಉದ್ದದ ಡಿಎನ್‌ಎ ಬಿಡಿಸೋಕೆ ಅಗರ್ ಒಡೆಯುವ ಈ ಕಿಣ್ವ, ಅಗರೇಸ್, ಬೇಕು. ಎಲ್ಲಿ ತಪ್ಪುತ್ತಿದೆ?

ಉತ್ತರ 1:
ಬಹುಶಃ ಕಿಣ್ವ ತಯಾರೇ ಆಗಿಲ್ಲ. ಸಾಮಾನ್ಯವಾಗಿ ಅಗರ್ ಸಿಕ್ಕಾಗಲೇ ಬ್ಯಾಕ್ಟೀರಿಯಾ ಅಗರೇಸ್ ಹೊರಬಿಡೋದು. ಮರೈನ್ ಬ್ರಾತ್‌ನಲ್ಲಿ ಲೀಟರ್‌ಗೆ 5 ಗ್ರಾಂ ಪೆಪ್ಟೋನ್, 1 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್ ಇರುತ್ತೆ. ಹೊಟ್ಟೆ ತುಂಬಿದ ಮೇಲೆ ಅಗರ್ ಒಡೆಯುವ ಗೋಜು ಯಾಕೆ? 0.1–0.2% ಅಗರ್ ಸೇರಿಸಿ, ಗ್ಲೂಕೋಸ್ ಬೇಡವೇ ಬೇಡ. ಕಿಣ್ವ ಉಳಿದ ಅಗರ್ ಚೂರುಗಳಿಗೂ ಅಂಟಿಕೊಳ್ಳುತ್ತೆ, ಹಾಗಾಗಿ ತಳದ ಗಸಿಯನ್ನೂ ಪರೀಕ್ಷಿಸಿ.

ಡಿಸ್ಟಿಲ್ಡ್ ನೀರಿನ ಡಯಾಲಿಸಿಸ್ ಇನ್ನೊಂದು ಪೆಟ್ಟು. ಕಡಲಿನ ಎಷ್ಟೋ ಕಿಣ್ವಗಳು ಸೋಡಿಯಂ, ಕ್ಯಾಲ್ಸಿಯಂ ಇಲ್ಲದೆ ನಿಲ್ಲಲ್ಲ. ಅದರ ಬದಲು 20 ಮಿಲಿಮೋಲಾರ್ ಟ್ರಿಸ್ ಬಫರ್ (ಪಿಎಚ್ 7.5–8), 0.3 ಮೋಲಾರ್ ಉಪ್ಪು, 2 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಇರುವ ದ್ರಾವಣದಲ್ಲಿ 4 ಡಿಗ್ರಿಯಲ್ಲಿ ಡಯಾಲಿಸಿಸ್ ಮಾಡಿ. ಫಾಸ್ಫೇಟ್ ಬಫರ್ ಹಾಕಿದರೆ ಕ್ಯಾಲ್ಸಿಯಂ ಬಿಳಿ ಗಸಿಯಾಗಿ ಕೂರುತ್ತೆ.

ಉತ್ತರ 2:
ಡಿಎನ್‌ಎಸ್‌ಗೆ ಮುಂಚೆ ಇದನ್ನು ಮಾಡಿ ನೋಡಿ: 1.5% ಅಗರ್ ಪ್ಲೇಟ್‌ನಲ್ಲಿ 5 ಮಿ.ಮೀ. ಬಾವಿ ಕೊರೆದು ಒಂದಕ್ಕೆ 50 ಮೈಕ್ರೋಲೀಟರ್ ತಿಳಿ, ಇನ್ನೊಂದಕ್ಕೆ 10 ನಿಮಿಷ ಕುದಿಸಿದ ಅದೇ ತಿಳಿ. ರಾತ್ರಿಯಿಡೀ 30 ಡಿಗ್ರಿಯಲ್ಲಿಟ್ಟು ಲುಗಾಲ್ ಸುರಿಯಿರಿ. ಮೊದಲನೆಯದಕ್ಕೆ ಮಾತ್ರ ಉಂಗುರ ಬಂದರೆ ಕಿಣ್ವ ಇದೆ ಅಂತ.

ಡಿಎನ್‌ಎಸ್‌ನಲ್ಲಿ ಮೋಸ ಮಾಡೋದು ಅಗರ್. ಆರಿದಾಗ ಹೆಪ್ಪುಗಟ್ಟಿ ಮಬ್ಬಾಗುತ್ತೆ, 540 ನ್ಯಾನೋಮೀಟರ್‌ನಲ್ಲಿ ಬ್ಲ್ಯಾಂಕ್ (ಕಿಣ್ವ ಹಾಕದ ಮಾದರಿ) ಓದು ಕೂಡ ಏರಿಬಿಡುತ್ತೆ. 0.2% ಅಗರೋಸ್ (ಅಗರ್‌ನ ಶುದ್ಧೀಕರಿಸಿದ ಭಾಗ) ಬಳಸಿ, ಓದುವ ಮುಂಚೆ ಸೆಂಟ್ರಿಫ್ಯೂಜ್ ಮಾಡಿ.

ಪ್ರಶ್ನೆ ಕೇಳಿದವರು:
ಬಾವಿ ಪರೀಕ್ಷೆ, ಅಗರ್ ಹಾಕಿದ ಬ್ರಾತ್ ಎರಡೂ ಮಾಡ್ತೀನಿ. ಶುದ್ಧೀಕರಣಕ್ಕೆ ಸೆಫರೋಸ್ ಕಾಲಂ ಆಗುತ್ತಾ?

ಉತ್ತರ 1:
ಸೆಫರೋಸ್ ಮಣಿಗಳು ಅಂದರೆ ಅಗರೋಸೇ. ಕಿಣ್ವ ಅದಕ್ಕೆ ಅಂಟಿಕೊಂಡು ತಡವಾಗಿ ಇಳಿಯಬಹುದು, ಮಣಿಗಳನ್ನೇ ಕೊರೆಯಲೂಬಹುದು. ಪಾಲಿಅಕ್ರಿಲಮೈಡ್ ಮಣಿಗಳ ಕಾಲಂ ವಾಸಿ.

ಡಿಎನ್‌ಎ ಬಿಡಿಸುವ ಜೆಲ್‌ಗೆ ಲೋ-ಮೆಲ್ಟ್ (ಕಡಿಮೆ ಶಾಖಕ್ಕೇ ಕರಗುವ) ಅಗರೋಸೇ ಬೇಕು. 65 ಡಿಗ್ರಿಯಲ್ಲಿ 10 ನಿಮಿಷ ಪೂರ್ತಿ ಕರಗಿಸಿ, 40ರ ಆಸುಪಾಸಿಗೆ ಇಳಿಸಿದ ಮೇಲೆ ಕಿಣ್ವ ಹಾಕಿ ಒಂದು ಗಂಟೆ ಇಡಿ. ಆಮೇಲೆ ಐಸ್ ಮೇಲಿಟ್ಟಾಗ ಗಟ್ಟಿಯಾದರೆ ಜೀರ್ಣ ಪೂರ್ತಿ ಆಗಿಲ್ಲ. ಶುದ್ಧ ಮಾಡದ ತಿಳಿಯನ್ನು ಮಾತ್ರ ಹಾಕಬೇಡಿ, ಅದರಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವ, ಡಿಎನ್‌ಏಸ್, ಇರುತ್ತೆ. ಕಿಣ್ವವನ್ನು ಮೊದಲು ಲ್ಯಾಂಬ್ಡಾ (ಒಂದು ವೈರಸ್‌ನ) ಡಿಎನ್‌ಎ ಜೊತೆ ಒಂದು ಗಂಟೆ ಇಟ್ಟು ಜೆಲ್ ಓಡಿಸಿ. ಪಟ್ಟಿ ಚೂಪಾಗಿ ಉಳಿಯದೆ ಕೆಳಕ್ಕೆ ಹರಡಿಕೊಂಡರೆ ಇನ್ನೂ ಶುದ್ಧೀಕರಿಸಬೇಕು.