ಸಹಾಯ ಬೇಕು: ಸೀಲಿಂಗ್‌ನ ತೇವ ಎಲ್ಲಿಂದ ಬರುತ್ತಿದೆ?

ಕೋಣೆಯ ಸೀಲಿಂಗ್ ಮೂಲೆಯಲ್ಲಿ ಕಂದು ಕಲೆ ಬಂದಿದೆ. ಅಂಚು ಕಡು, ನಡುವೆ ತಿಳಿ, ಥೇಟ್ ಚಹಾ ಲೋಟ ಇಟ್ಟ ಗುರುತಿನ ಹಾಗೆ. ಅದರ ಕೆಳಗೆ ಗೋಡೆಯ ಪೇಂಟ್ ಗುಳ್ಳೆ ಎದ್ದಿದೆ. ಉಗುರಿನಲ್ಲಿ ಕೆರೆದರೆ ಉಪ್ಪಿನಂಥ ಬಿಳಿ ಪುಡಿ ಉದುರುತ್ತದೆ. ತಟ್ಟಿದರೆ ಅಲ್ಲಿ ಮಾತ್ರ ಪೊಳ್ಳು ಶಬ್ದ.

ಮೇಲ್ಗಡೆ ಬಾತ್‌ರೂಮ್. ಗೋಡೆಯ ಆಚೆ ಬದಿಗೆ ನೇರ ಮಳೆ ಹೊಡೆಯುತ್ತದೆ. ಹಾಗಾಗಿ ಎರಡರ ಮೇಲೂ ಅನುಮಾನ.

ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಬಿಟ್ಟೆ. ಹನಿ ಕಟ್ಟಿದ್ದು ಗೋಡೆಯ ಕಡೆಗೇ. ಅಂದರೆ ಕೋಣೆಯ ಗಾಳಿಯ ತೇವ ಅಲ್ಲ, ಅಲ್ವಾ? ನಲ್ಲಿಗಳನ್ನೆಲ್ಲ ಮುಚ್ಚಿ ನೀರಿನ ಮೀಟರ್ ನೋಡಿದೆ, ಮುಳ್ಳು ಅಲುಗಲಿಲ್ಲ. ಆದರೆ ಡ್ರೈನ್ ಪೈಪ್ ಅಥವಾ ಟೈಲ್ಸ್ ಸಂದಿಯಿಂದ ಸೋರಿದರೆ ಮೀಟರ್‌ಗೆ ಗೊತ್ತಾಗುವುದಿಲ್ಲವಲ್ಲ!

ಮಳೆ ನಿಂತು ಎಷ್ಟೋ ದಿನವಾಯಿತು. ಕಲೆ ಒಣಗಿಲ್ಲ, ಹರಡಿಯೂ ಇಲ್ಲ. ಗೊಂದಲ ಇರುವುದೇ ಇಲ್ಲಿ. ಪೇಂಟರ್ ಸುಮ್ನೆ ಬಣ್ಣ ಹೊಡೆಸಿ ಅಂತಾರೆ, ನನಗದು ಸರಿ ಕಾಣುತ್ತಿಲ್ಲ.

ಇದು ಹಳೆ ಮಳೆಯ ತೇವವೋ, ಬಾತ್‌ರೂಮಿನ ಸೋರಿಕೆಯೋ ಅಂತ ಟೈಲ್ಸ್ ಒಡೆಯದೆ ಪತ್ತೆ ಮಾಡುವುದು ಹೇಗೆ? ಡ್ರೈನ್‌ಗೆ ಬಣ್ಣದ ನೀರು ಬಿಟ್ಟು ನೋಡಿದವರು ಯಾರಾದರೂ ಇದ್ದೀರಾ?