ಕಲ್ಟಿವೇಟರ್ ಕುಳದ ಚೌಕ ನಟ್ಟು ನಿಲ್ತಾನೇ ಇಲ್ಲ, ಏನು ಮಾಡಲಿ?

ಕಾಗಿಣಾ_ದಂಡೆ: ತಲೆ ಕೆಟ್ಟುಹೋಗಿದೆ. 9 ಹಲ್ಲಿನ ಕಲ್ಟಿವೇಟರ್. ನಾಲ್ಕು ಸಾಲು ಹೊಡೆಯೋದ್ರೊಳಗೆ ಕುಳದ ನಟ್ಟು ಸಡಿಲ ಆಗುತ್ತೆ. ನಿನ್ನೆ ಒಂದು ಕುಳ ಎರೆಮಣ್ಣಲ್ಲಿ ಬಿದ್ದು, ಹುಡುಕುವಷ್ಟರಲ್ಲಿ ಸಂಜೆ ಆಯ್ತು. ನಟ್ಟು ಹೊಸದು, ಬಿಗಿಯಾಗೇ ಹಾಕಿದ್ದೇನೆ. ಹಿಂಗಾರಿ ಜೋಳದ ಬಿತ್ತನೆ ಹತ್ತಿರ ಬಂತು. ಯಾವ ಕಂಪನಿ ನಟ್ಟು ತರಲಿ, ಅಷ್ಟು ಹೇಳಿ ಸಾಕು.

ಬೀದರ್_ಲೇಥ್: ಸೈಜ್ ಹೇಳದೆ ಕಂಪನಿ ಕೇಳಿದ್ರೆ ಹೇಗೆ ರೀ? ಇದು ಮೂರು ಸೂತಿನ ಬೋಲ್ಟಿಗೆ 10 ಎಂಎಂ ನಟ್ಟು ಹಾಕಿದ ಕೇಸು. ಸೂತು ಅಂದ್ರೆ ಇಂಚಿನ ಎಂಟನೇ ಒಂದು ಭಾಗ. ಮೂರು ಸೂತು ಅಂದ್ರೆ 9.5 ಎಂಎಂ ದಪ್ಪ, ಇಂಚಿಗೆ 16 ಥ್ರೆಡ್, ಪಿಚ್ ಅಂದ್ರೆ ಥ್ರೆಡ್ಡಿಂದ ಥ್ರೆಡ್ಡಿಗೆ ಅಂತರ 1.59 ಎಂಎಂ. 10 ಎಂಎಂದು 1.5. ಹತ್ತಿರ ಹತ್ತಿರ ಇರೋದ್ರಿಂದ ಹತ್ತಿಬಿಡುತ್ತೆ, ಆದರೆ ಥ್ರೆಡ್ಡಿನ ತುದಿ ಮಾತ್ರ ಹಿಡಿದಿರುತ್ತೆ.

ಕಾಗಿಣಾ_ದಂಡೆ: ಕೈಯಲ್ಲೇ ಸರಾಗವಾಗಿ ಕೊನೆವರೆಗೂ ಹೋಗುತ್ತಲ್ಲ ಅಣ್ಣಾ.

ಬೀದರ್_ಲೇಥ್: ಸರಾಗವಾಗಿ ಹೋಗೋದೇ ಅನುಮಾನ! ಅಲ್ಲಾಡಿಸಿ ನೋಡಿ.

ಆಳಂದ_ಫಿಟ್ಟರ್: ಸ್ಪ್ರಿಂಗ್ ವಾಷರ್ ಹಾಕಿ, ಮುಗೀತು.

ಶಹಾಪುರ_ಟ್ರಾಲಿ: ಸ್ಪ್ರಿಂಗ್ ವಾಷರ್ ದಂಡ. ಬಿಗಿ ಮಾಡಿದ ಮೇಲೆ ಅದು ಚಪ್ಪಟೆ ಆಗಿ ಸುಮ್ನೆ ಕೂರುತ್ತೆ. 1990ರ ನಾಸಾದ ನಟ್ಟು-ಬೋಲ್ಟ್ ಕೈಪಿಡಿಯಲ್ಲೇ ಅದರಿಂದ ಲಾಕ್ ಆಗಲ್ಲ ಅಂತ ಇದೆ. ಅಡ್ಡಡ್ಡ ಅದುರಿದ್ರೆ ನಟ್ಟು ತಾನೇ ಬಿಚ್ಚಿಕೊಳ್ಳುತ್ತೆ ಅಂತ ಜಂಕರ್ ಅನ್ನೋ ಜರ್ಮನ್ ಇಂಜಿನಿಯರ್ 1969ರಲ್ಲೇ ತೋರಿಸಿದ್ದಾರೆ.

ಆಳಂದ_ಫಿಟ್ಟರ್: ನಾಸಾದವರು ನಮ್ಮ ಎರೆಹೊಲಕ್ಕೆ ಬಂದು ಗಳೆ ಹೊಡೆದಿದ್ರಾ? ನಮ್ಮಪ್ಪನ ಕಾಲದಿಂದ ಹಾಕ್ತಿದ್ದೇವೆ.

ಶಹಾಪುರ_ಟ್ರಾಲಿ: ಹಾಕ್ತಿದ್ದೀರಿ ಸರಿ. ಬಿಚ್ಚಿಲ್ವಾ ಅನ್ನೋದು ಪ್ರಶ್ನೆ.

ಕಾಗಿಣಾ_ದಂಡೆ: ವಾಷರ್ ಜಗಳ ಆಮೇಲೆ ಆಡಿ. ದಪ್ಪ ಅಳೆಯೋ ವರ್ನಿಯರ್ ಇಟ್ಟೆ, ಬೋಲ್ಟ್ 9.85 ಎಂಎಂ ಬಂತು.

ಬೀದರ್_ಲೇಥ್: ವರ್ನಿಯರ್ ಸರಿ ಇದೆಯಾ? ಪಿಚ್ ಗೇಜ್ ಕೂಡ ಇಡಿ.

ಚಿತ್ತಾಪುರ_ಪರ್ಸಿ: ಲೇಥ್ ಅಣ್ಣಾ, 9.85 ಅಂದ್ರೆ 10 ಎಂಎಂ ಬೋಲ್ಟೇ, ಬಿಡಿ ಇನ್ನು. ದಂಡೆ ಅವರೇ, ಕುಳ ಹೊಸದಾ? ಬಿಗಿ ಮಾಡುವಾಗ ಬೋಲ್ಟ್ ತಿರುಗುತ್ತಾ?

ಕಾಗಿಣಾ_ದಂಡೆ: ಹಳೇ ಕುಳಾನೇ, ತಿರುವಿ ಹಾಕಿದ್ದೇನೆ. ಚೆಂದ ಕಾಣಲಿ ಅಂತ ಒಳಗೂ ಹೊರಗೂ ಎರಡು ಕೈ ಬಣ್ಣ ಹೊಡೆದಿದ್ದೇನೆ. ಬೋಲ್ಟ್ ಸ್ವಲ್ಪ ತಿರುಗುತ್ತೆ, ತಲೆಯನ್ನು ಪಕ್ಕಡದಲ್ಲಿ ಹಿಡಿದು ಬಿಗಿ ಮಾಡ್ತೇನೆ. ಎಲ್ಲರೂ ಹಾಗೇ ಅಲ್ವಾ?

ಚಿತ್ತಾಪುರ_ಪರ್ಸಿ: ಅಲ್ಲ. ರೋಗ ಇರೋದೇ ಅಲ್ಲಿ. ತಲೆ ಕೆಳಗಿನ ಚೌಕ ಕುತ್ತಿಗೆ ಕುಳದ ಚೌಕ ತೂತಲ್ಲಿ ಕಚ್ಚಿ ನಿಲ್ಲಬೇಕು. ನಿಮ್ಮ ತೂತು ಸವೆದು ಗುಂಡಗಾಗಿದೆ. ಪಕ್ಕಡದಲ್ಲಿ ಹಿಡಿದ ಬೋಲ್ಟಿಗೆ ಪೂರ್ತಿ ಬಿಗಿ ಬೀಳಲ್ಲ, ಅರ್ಧಕ್ಕೇ ಜಾರುತ್ತೆ. ಮೇಲೆ ಬಣ್ಣ ಬೇರೆ. ಮೊದಲ ಸಾಲಲ್ಲೇ ಬಣ್ಣ ಜಜ್ಜಿ ಜಾಗ ಬಿಡುತ್ತೆ, ಇದ್ದ ಬಿಗಿಯೂ ಹೋಗುತ್ತೆ. ನಮ್ಮ ಕಡೆ ಎರೆ ಕೆಳಗೆ ಪರ್ಸಿ ಕಲ್ಲು (ಚಪ್ಪಡಿ ಕಲ್ಲು), ಕುಳ ತಾಗಿದಾಗಲೆಲ್ಲ ಜಗ್ಗುತ್ತೆ.

ಕುಳ ಬದಲಿಸಿ. ಕುಳ ಹಲ್ಲಿಗೆ ಕೂರೋ ಜಾಗದ ಬಣ್ಣ ಕೆರೆಯಿರಿ. ಮೊದಲ ಸುತ್ತು ಹೊಡೆದು ಬಂದು ಮತ್ತೊಮ್ಮೆ ಪಾನಾ ಹಾಕಿ, ಇದನ್ನ ಮಾತ್ರ ಬಿಡಬೇಡಿ. ನಟ್ಟು ದಪ್ಪದ್ದೇ ತನ್ನಿ. ಡಿಐಎನ್ ಅನ್ನೋ ಜರ್ಮನ್ ಅಳತೆ ಮಾನದಂಡದ 557 ನಂಬರ್ ಆದರೆ 10 ಎಂಎಂಗೆ 8 ಎಂಎಂ ದಪ್ಪ ಇರುತ್ತೆ. 562 ನಂಬರ್‌ದು ಬರೀ 5 ಎಂಎಂ, ಅದು ತಗಡಿನ ಕೆಲಸಕ್ಕೆ. ಮೂಲೆ ಕೆತ್ತಿದ ಮುಖ ಹೊರಗೆ, ಸಪಾಟಾದ ಮುಖ ಹಲ್ಲಿಗೆ.

ಆಳಂದ_ಫಿಟ್ಟರ್: ಜೊತೆಗೆ ಒಂದು ಸ್ಪ್ರಿಂಗ್ ವಾಷರ್.

ಶಹಾಪುರ_ಟ್ರಾಲಿ: ನಮ್ಮಲ್ಲಿ ನಾರಾಯಣಪುರ ಕಾಲುವೆ ನೀರು, ಭತ್ತದ ಗದ್ದೆ. ನಾನು ಕಲ್ಟಿವೇಟರ್ ಮುಟ್ಟೋದೇ ಕಮ್ಮಿ, ಹೊಸ ರೋಟವೇಟರ್ ಬಂದಿದೆ. 42 ಬ್ಲೇಡು! ಫೋಟೋ ಹಾಕ್ತೀನಿ ಇರಿ.

ಸೇಡಂ_ಕೂರಿಗೆ: ಮಧ್ಯೆ ಬಾಯಿ ಹಾಕ್ತಿದ್ದೇನೆ, ಬೇಜಾರಾಗ್ಬೇಡಿ. ನನ್ನ ಕೂರಿಗೆಯ ಚೌಕ ನಟ್ಟು ತುಕ್ಕು ಹಿಡಿದು ಕೂತಿದೆ. ಗ್ಯಾಸ್ ಕಟ್ಟರ್ ಹಾಕಲಾ?

ಚಿತ್ತಾಪುರ_ಪರ್ಸಿ: ಬೇಡ. ತಂತಿ ಬ್ರಶ್ಶಲ್ಲಿ ಥ್ರೆಡ್ ಉಜ್ಜಿ, ಡೀಸೆಲ್ ಬಿಟ್ಟು ರಾತ್ರಿಯಿಡೀ ನೆನೆಯಲಿ. ಚೌಕ ನಟ್ಟಿನ ಮೂಲೆ ಬೇಗ ಸವೆಯಲ್ಲ, ಓಪನ್ ಪಾನಾ ಗಟ್ಟಿಯಾಗಿ ಹಿಡಿಯುತ್ತೆ. ಮೊದಲು ಸ್ವಲ್ಪ ಬಿಗಿ ಮಾಡೋ ಕಡೆ ತಿರುಗಿಸಿ, ಆಮೇಲೆ ಬಿಚ್ಚಿ. ಸೀಸನ್ ಮುಗಿದ ಮೇಲೆ ಥ್ರೆಡ್ಡಿಗೆ ಹಳೇ ಇಂಜಿನ್ ಆಯಿಲ್ ಸವರಿಡಿ.

ಬೀದರ್_ಲೇಥ್: ಕೂರಿಗೆಗೆ ಬೇರೆ ಚರ್ಚೆ ತೆರೆಯಿರಿ. ಅಂದ ಹಾಗೆ, ಆ ನಟ್ಟು ಸೂತಿಂದಾ, ಎಂಎಂದಾ?